ಸರದಿಯೊಳಗಿನ ಬಿಡುವು

ಎದುರಾಳಿಗಳು ಏಕಕಾಲದಲ್ಲಿ ಕೈಯಾಡಿಸದೆ, ಒಬ್ಬರ ನಡೆ ಮುಗಿದ ಮೇಲೆ ಇನ್ನೊಬ್ಬರು ನಡೆಯಿಡುವ ಆಟಗಳನ್ನು ಸರದಿಯ ತಂತ್ರದಾಟಗಳೆಂದು ಕರೆಯಬಹುದು. ಚದುರಂಗ, ಹುಲಿ-ಕುರಿ, ಅಳಗುಳಿಮಣೆಗಳು ಈ ವರ್ಗದ ಹಳೆಯ ಸದಸ್ಯರಾದರೆ, 1991ರಲ್ಲಿ ಹೊರಬಂದ ‘ಸಿವಿಲೈಸೇಷನ್’, 2003ರಲ್ಲಿ ಆರಂಭವಾಗಿ ಇಂದಿಗೂ ಹಣ ಕೊಡದೆ ದೊರೆಯುವ ‘ದಿ ಬ್ಯಾಟಲ್ ಫಾರ್ ವೆಸ್ನಾತ್’ ಮೊದಲಾದ ಕಂಪ್ಯೂಟರ್ ಆಟಗಳು ಅದೇ ಕುಲದ ಹೊಸ ಕವಲುಗಳು. ಇವೆಲ್ಲಕ್ಕೂ ಸಮಾನವಾದ ಲಕ್ಷಣವೊಂದಿದೆ: ಆಡುವವನು ತೀರ್ಮಾನಿಸುವವರೆಗೂ ಹಲಗೆಯ ಮೇಲಿನ ಲೋಕ ಕದಲದೆ ನಿಂತಿರುತ್ತದೆ. ಕಬಡ್ಡಿಯ ಅಂಕಣದಲ್ಲಾಗಲಿ ವಾಲಿಬಾಲಿನ ಬಲೆಯ ಬಳಿಯಲ್ಲಾಗಲಿ ಯಾರಿಗೂ ಸಿಗದ ಈ ಬಿಡುವೇ ಸರದಿಯ ಆಟಗಳ ನಿಜವಾದ ಸಂಪತ್ತು. ಹೀಗಿದ್ದರೂ ಬಹುಪಾಲು ಆಟಗಾರರು ಸೋಲುವುದು ಎದುರಾಳಿಯ ಜಾಣ್ಮೆಯಿಂದಲ್ಲ, ಕೈಗೆ ಬಂದ ಈ ಬಿಡುವನ್ನು ಬಳಸದೆ ಬಿಡುವುದರಿಂದ ಎಂಬುದೇ ಈ ಭಾಷಣದ ಪ್ರತಿಪಾದನೆ.

ಕಾರವಾರ, ಅಂಕೋಲೆಗಳ ಕರಾವಳಿಯಲ್ಲಿ ಈ ವಿಷಯವನ್ನು ಚರ್ಚಿಸುವುದಕ್ಕೆ ತಕ್ಕ ಕಾರಣವಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬೈತಖೋಲದಲ್ಲಿ ದೋಣಿಗಳು ಲಂಗರು ಹಾಕಿ ನಿಲ್ಲುತ್ತವೆ. ಹೊರಗೆ ಜಡಿಮಳೆ ಸುರಿಯುತ್ತಿರುವಾಗ ಮಕ್ಕಳಿಗೂ ದೊಡ್ಡವರಿಗೂ ಮನೆಯೊಳಗಿನ ಆಟವೇ ಗತಿಯಾಗುತ್ತದೆ. ಜಗಲಿಯ ನೆಲದಲ್ಲಿ ಇದ್ದಿಲಿನಿಂದ ಗೆರೆ ಎಳೆದು ಹುಣಿಸೆ ಬೀಜ, ಕಲ್ಲಿನ ಚೂರುಗಳನ್ನು ಕಾಯಿಗಳಾಗಿ ಹೂಡುತ್ತಿದ್ದ ಆಟಗಳ ಜಾಗಕ್ಕೆ ಈಗ ಹೆಚ್ಚಾಗಿ ಮೊಬೈಲಿನ ಪರದೆ ಬಂದಿದೆ. ಪರದೆ ಬಂದದ್ದು ತಾನಾಗಿ ಕೆಡುಕೇನಲ್ಲ. ಆದರೆ ಹಳೆಯ ಹಲಗೆಗಳು ಹೇಳದೆಯೇ ಕಲಿಸುತ್ತಿದ್ದ ಕೆಲವು ಅಭ್ಯಾಸಗಳು ಪರದೆಯೊಂದಿಗೆ ಬರಲಿಲ್ಲ, ಮತ್ತು ಅವುಗಳ ಕೊರತೆ ಹೊಸ ಆಟಗಳಲ್ಲಿಯೇ ಎದ್ದು ಕಾಣುತ್ತದೆ.

ಮೊದಲಿಗೆ ಹುಲಿ-ಕುರಿ ಆಟವನ್ನು ತೆಗೆದುಕೊಳ್ಳಬಹುದು. ಊರಿಂದೂರಿಗೆ ಇದರ ಪಟವೂ ನಿಯಮವೂ ಬದಲಾಗುತ್ತವೆಯಾದರೂ ದಕ್ಷಿಣ ಭಾರತದಲ್ಲಿ ವ್ಯಾಪಕವಾಗಿರುವ ಒಂದು ಪಟದಲ್ಲಿ ತ್ರಿಕೋನವೊಂದರ ತುದಿಯಿಂದ ತಳಕ್ಕೆ ನಾಲ್ಕು ಗೆರೆಗಳಿಳಿಯುತ್ತವೆ. ಅವುಗಳಿಗೆ ಅಡ್ಡಲಾಗಿ, ತ್ರಿಕೋನದ ಎರಡು ಪಕ್ಕಗಳಿಗೂ ಚಾಚಿಕೊಂಡಂತೆ, ನಡುವೆ ಅಡ್ಡಗೆರೆಯುಳ್ಳ ಆಯತವೊಂದಿರುತ್ತದೆ. ಗೆರೆಗಳು ಕೂಡುವ ಬಿಂದುಗಳು ಒಟ್ಟು 23: ತುದಿಯಲ್ಲಿ ಒಂದು, ಅದರ ಕೆಳಗೆ ಆರಾರು ಬಿಂದುಗಳ ಮೂರು ಸಾಲು, ತಳದಲ್ಲಿ ನಾಲ್ಕು. ಒಬ್ಬನಿಗೆ 3 ಹುಲಿಗಳು, ಇನ್ನೊಬ್ಬನಿಗೆ 15 ಕುರಿಗಳು. ಕುರಿಯವನು ಸರದಿಗೊಂದರಂತೆ ಕುರಿಗಳನ್ನು ಖಾಲಿ ಬಿಂದುಗಳಲ್ಲಿ ಇಡುತ್ತಾನೆ, ಹದಿನೈದೂ ಇಟ್ಟಾಗುವವರೆಗೆ ಯಾವ ಕುರಿಯನ್ನೂ ಸರಿಸುವಂತಿಲ್ಲ. ಹುಲಿಯಾದರೋ ಪಕ್ಕದ ಬಿಂದುವಿಗೆ ಸರಿಯಬಹುದು, ಇಲ್ಲವೆ ಪಕ್ಕದಲ್ಲಿರುವ ಕುರಿಯನ್ನು ಅದೇ ಗೆರೆಯ ಮೇಲೆ ಹಾರಿ ಆಚೆಯ ಖಾಲಿ ಬಿಂದುವಿನಲ್ಲಿ ಇಳಿದು ಆ ಕುರಿಯನ್ನು ಹೊಡೆಯಬಹುದು. ಹುಲಿಗಳಿಗೆ ಕದಲಲಾಗದಂತೆ ಕಟ್ಟಿದರೆ ಕುರಿಯ ಗೆಲುವು. ನಿಗದಿಯಾದಷ್ಟು ಕುರಿಗಳು ಹೋದರೆ ಹುಲಿಯ ಗೆಲುವು.

ಈ ಆಟದಲ್ಲಿ ಕುರಿಯವನು ಕಳೆದುಕೊಳ್ಳುವ ಅತಿದೊಡ್ಡ ಅವಕಾಶ ಮೊದಲ ಹತ್ತು ಸರದಿಗಳಲ್ಲೇ ಇದೆ. ಹುಲಿಯನ್ನು ಬೇಗ ಕಟ್ಟಬೇಕೆಂಬ ಆತುರದಲ್ಲಿ ಹೊಸಬರು ಕುರಿಗಳನ್ನು ಹುಲಿಯ ಸುತ್ತ ಇಡುತ್ತಾರೆ, ಒಂದೆರಡನ್ನು ಕಳೆದುಕೊಂಡ ಮೇಲೆ ಆ ಬಿರುಕನ್ನು ಮುಚ್ಚುವುದರಲ್ಲೇ ಉಳಿದ ಸರದಿಗಳನ್ನು ತೀರಿಸುತ್ತಾರೆ. ಪಟವನ್ನೊಮ್ಮೆ ನಿಧಾನವಾಗಿ ಓದಿದರೆ ಬೇರೊಂದು ಸಂಗತಿ ಗೋಚರಿಸುತ್ತದೆ. ಹಾರುವುದಕ್ಕೆ ಕುರಿಯ ಈಚೆಗೂ ಆಚೆಗೂ ಒಂದೇ ಗೆರೆಯ ಮೇಲೆ ಬಿಂದುಗಳಿರಬೇಕಷ್ಟೆ. ಆಯತದ ನಾಲ್ಕು ಮೂಲೆಗಳಲ್ಲೂ ತಳದ ಎರಡು ತುದಿಗಳಲ್ಲೂ ಗೆರೆಗಳು ಕೊನೆಗೊಳ್ಳುವುದರಿಂದ ಅಲ್ಲಿ ಕುಳಿತ ಕುರಿಯನ್ನು ಯಾವ ಹುಲಿಯೂ ಎಂದೂ ಹಾರಲಾರದು. ಈ ಆರು ಕುರಿಗಳು ನೆಲೆಗೊಂಡ ಬಳಿಕ, ಆಯತದ ಎರಡು ಪಕ್ಕಗಳ ನಡುಬಿಂದುಗಳೂ ತಳದ ನಡುವಿನ ಎರಡು ಬಿಂದುಗಳೂ ತಾವಾಗಿಯೇ ಸುರಕ್ಷಿತವಾಗುತ್ತವೆ, ಏಕೆಂದರೆ ಅವುಗಳ ಮೇಲೆ ಹಾರಿದ ಹುಲಿ ಇಳಿಯಬೇಕಾದ ಮೂಲೆಯಲ್ಲಿ ಆಗಲೇ ಕುರಿಯಿರುತ್ತದೆ. ಹುಲಿಯೇ ಮುಂಚೆ ಬಂದು ಆ ಜಾಗವನ್ನು ಹಿಡಿಯದಿದ್ದರೆ, ಹದಿನೈದರಲ್ಲಿ ಹತ್ತು ಕುರಿಗಳನ್ನು ಹೀಗೆ ಒಂದನ್ನೂ ಕಳೆದುಕೊಳ್ಳದೆ ಇಡಲು ಸಾಧ್ಯ. ಇದರಿಂದ ಗೆಲುವು ಖಚಿತವಾಗುವುದಿಲ್ಲ. ಹುಲಿಗಳಿಗೆ ನಡುವಿನಲ್ಲಿ ಇನ್ನೂ ವಿಶಾಲವಾದ ಬಯಲು ಉಳಿದಿರುತ್ತದೆ, ಮುಂದೆ ಒಂದೊಂದೇ ಸಾಲನ್ನು ಒತ್ತಿಕೊಂಡು ಹೋಗುವ ಕಷ್ಟದ ಕೆಲಸವೂ ಬಾಕಿಯಿರುತ್ತದೆ. ಆದರೆ ಆ ಕೆಲಸವನ್ನು ಪೂರ್ಣ ಮಂದೆಯೊಂದಿಗೆ ತೊಡಗುವುದಕ್ಕೂ ಅರ್ಧ ಮಂದೆಯೊಂದಿಗೆ ತೊಡಗುವುದಕ್ಕೂ ಇರುವ ಅಂತರ ದೊಡ್ಡದು.

ಹುಲಿಯ ಕಡೆಯವನು ಬಿಟ್ಟುಬಿಡುವ ಅಭ್ಯಾಸ ಇನ್ನೊಂದು ಬಗೆಯದು. ಅವನ ಕಣ್ಣು ಹೊಡೆದ ಕುರಿಗಳ ಎಣಿಕೆಯ ಮೇಲಿರುತ್ತದೆಯೇ ಹೊರತು ತನ್ನ ಹುಲಿಗಳಿಗೆ ಉಳಿದಿರುವ ದಾರಿಗಳ ಎಣಿಕೆಯ ಮೇಲಲ್ಲ. ಪ್ರತಿ ಸರದಿಯಲ್ಲೂ ಮೂರು ಹುಲಿಗಳಿಗೆ ಸರಿಯಲು ಹಾಗೂ ಹಾರಲು ಒಟ್ಟು ಎಷ್ಟು ಜಾಗಗಳಿವೆ ಎಂದು ಲೆಕ್ಕ ಹಾಕುವವನಿಗೆ, ಆ ಸಂಖ್ಯೆ ಇಳಿಯತೊಡಗಿದಾಗಲೇ ಅಪಾಯದ ಸೂಚನೆ ಸಿಗುತ್ತದೆ; ಲೆಕ್ಕ ಹಾಕದವನಿಗೆ ಒಂದು ಹುಲಿ ಮೂಲೆಯಲ್ಲಿ ಸಿಕ್ಕಿಬಿದ್ದ ಮೇಲಷ್ಟೇ ತಿಳಿಯುತ್ತದೆ. ಒಂದು ಕುರಿಯ ಆಸೆಗೆ ತಳದ ಸಾಲಿಗೆ ಇಳಿದ ಹುಲಿ ಹಿಂದಿರುಗುವ ದಾರಿಯನ್ನು ಕಳೆದುಕೊಳ್ಳುವುದು ಈ ಆಟದಲ್ಲಿ ಮತ್ತೆಮತ್ತೆ ಕಾಣುವ ದೃಶ್ಯ. ನೇಪಾಳದಲ್ಲಿ ಪ್ರಚಲಿತವಾಗಿರುವ ಇದರ ದಾಯಾದಿ ಆಟ ‘ಬಾಘ್‌ಚಾಲ್’ನಲ್ಲಿ 25 ಬಿಂದುಗಳು, 4 ಹುಲಿಗಳು, 20 ಆಡುಗಳಿರುತ್ತವೆ. ಲಿಮ್ ಯೂ ಜಿನ್ ಮತ್ತು ಯುರ್ಗ್ ನೀವರ್ಗೆಲ್ಟ್ ಎಂಬ ಸಂಶೋಧಕರು ಕಂಪ್ಯೂಟರಿನ ನೆರವಿನಿಂದ ಅದನ್ನು ಶೋಧಿಸಿ, ಇಬ್ಬರೂ ತಪ್ಪಿಲ್ಲದೆ ಆಡಿದರೆ ಆಟ ಸಮಸಮವಾಗಿ ಮುಗಿಯುತ್ತದೆಂದು ತೋರಿಸಿದ್ದಾರೆ. ಹುಲಿ ಬಲಶಾಲಿ, ಆಡು ದುರ್ಬಲ ಎಂಬ ಮೇಲ್ನೋಟದ ಭಾವನೆಗೆ ಆ ಆಟದಲ್ಲಿ ಆಧಾರವಿಲ್ಲ.

ಹಳೆಯ ರೂಢಿಯಲ್ಲಿ ಒಂದು ಸುತ್ತು ಹುಲಿಯಾದವನು ಮುಂದಿನ ಸುತ್ತಿನಲ್ಲಿ ಕುರಿಯಾಗುವ ಕ್ರಮ ಸಹಜವಾಗಿಯೇ ಇರುತ್ತಿತ್ತು. ಎರಡು ಪಕ್ಷಗಳ ಬಲವೂ ಸ್ವಭಾವವೂ ಪೂರ್ತಿಯಾಗಿ ಬೇರೆಯಾಗಿರುವ ಆಟದಲ್ಲಿ ಈ ಅದಲುಬದಲಿಗಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಹುಲಿಯಾಗಿ ಹಸಿದವನಿಗೇ ಕುರಿಯನ್ನು ಎಲ್ಲಿಡಬಾರದೆಂಬುದು ಅರ್ಥವಾಗುತ್ತದೆ. ಪರದೆಯ ಆಟಗಳಲ್ಲಿ ಎದುರು ಪಕ್ಷವನ್ನು ಯಂತ್ರಕ್ಕೆ ಬಿಟ್ಟುಕೊಟ್ಟು ಸದಾ ಒಂದೇ ಪಕ್ಷವನ್ನು, ತನಗೆ ಇಷ್ಟವಾದ ಒಂದೇ ಜನಾಂಗವನ್ನು, ಆಯ್ದುಕೊಂಡು ಆಡುವ ಯುವಕರು ಈ ಪಾಠದಿಂದ ವಂಚಿತರಾಗುತ್ತಾರೆ. ವೆಸ್ನಾತ್‌ನಂತಹ ಆಟದಲ್ಲಿ ಎದುರಾಳಿಯ ಪಡೆಯನ್ನು ಒಂದೇ ಒಂದು ಬಾರಿ ತಾವೇ ನಡೆಸಿ ನೋಡುವುದಕ್ಕೆ ಯಾವ ಖರ್ಚೂ ಇಲ್ಲ, ಆದರೂ ಅದನ್ನು ಮಾಡುವವರು ವಿರಳ.

ಅಳಗುಳಿಮಣೆಯ ಕಡೆಗೆ ತಿರುಗಿದರೆ ನಿರ್ಲಕ್ಷ್ಯಕ್ಕೊಳಗಾದ ಇನ್ನೊಂದು ಅಭ್ಯಾಸ, ಅಂದರೆ ಎಣಿಕೆ, ಎದುರಾಗುತ್ತದೆ. ತುಳುನಾಡಿನಲ್ಲಿ ಚೆನ್ನೆಮಣೆ ಎನ್ನಿಸಿಕೊಳ್ಳುವ ಈ ಆಟದ ಮಣೆಯಲ್ಲಿ ಇಬ್ಬರಿಗೂ ಏಳೇಳು ಗುಳಿಗಳು. ಗುಳಿಗೊಂದರಲ್ಲಿ ನಾಲ್ಕೋ ಐದೋ ಬೀಜಗಳು. ಒಂದು ಗುಳಿಯ ಬೀಜಗಳನ್ನೆಲ್ಲ ತೆಗೆದು ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿತ್ತುತ್ತ ಹೋಗುವುದು, ಕೊನೆಯ ಬೀಜ ಬಿದ್ದ ಬಳಿಕ ಮುಂದಿನ ಗುಳಿಯಿಂದ ಮತ್ತೆ ತೆಗೆದು ಬಿತ್ತುವುದು, ಮುಂದಿನ ಗುಳಿ ಬರಿದಾಗಿದ್ದರೆ ಅದರಾಚೆಯ ಗುಳಿಯಲ್ಲಿರುವುದನ್ನು ಗೆದ್ದುಕೊಳ್ಳುವುದು ಇದರ ಸಾಮಾನ್ಯ ಕ್ರಮ. ದಾಳವಿಲ್ಲ, ಮುಚ್ಚಿಟ್ಟ ಕಾಯಿಗಳಿಲ್ಲ. ಆಡುವವನ ಮುಂದಿರುವ ಆಯ್ಕೆಗಳು ಹೆಚ್ಚೆಂದರೆ ಏಳು, ಮತ್ತು ಪ್ರತಿಯೊಂದರ ಫಲವನ್ನೂ ಬೀಜ ಮುಟ್ಟುವ ಮೊದಲೇ ಕಣ್ಣಿನಿಂದ ಹಿಂಬಾಲಿಸಬಹುದು. ಹೀಗಿದ್ದೂ ಹೆಚ್ಚು ಬೀಜವಿರುವ ಗುಳಿಗೆ ಕೈಹಾಕುವ ಚಟವನ್ನು ಬಿಟ್ಟು ಏಳನ್ನೂ ಲೆಕ್ಕಿಸಿ ನೋಡುವ ತಾಳ್ಮೆ ತೋರುವವರು ಕಡಿಮೆ. ಆಟದ ಉತ್ತರಾರ್ಧದಲ್ಲಂತೂ ಗಳಿಸುವುದಕ್ಕಿಂತ ಕೊಡದಿರುವುದೇ ಮುಖ್ಯವಾಗುತ್ತದೆ: ತನ್ನ ಬಿತ್ತನೆ ಎದುರಿನ ಸಾಲಿಗೆ ಎಷ್ಟು ಬೀಜಗಳನ್ನು ಒಯ್ದುಕೊಡುತ್ತದೆ ಎಂಬುದನ್ನು ನೋಡದವನು, ಗೆದ್ದ ಬೀಜಗಳ ಎರಡರಷ್ಟನ್ನು ಎದುರಾಳಿಯ ಕೈಗೆ ತಾನೇ ತಲುಪಿಸಿರುತ್ತಾನೆ.

ಲೆಕ್ಕ ಹಾಕಬಲ್ಲವರೂ ಲೆಕ್ಕ ಹಾಕದಿರುವುದೇಕೆ ಎಂಬ ಪ್ರಶ್ನೆಗೆ ಮನೋವಿಜ್ಞಾನದಲ್ಲಿ ಗಂಭೀರವಾದ ಉತ್ತರವಿದೆ. ಅಬ್ರಹಾಂ ಲುಚಿನ್ಸ್ 1942ರಲ್ಲಿ ನೀರಿನ ಜಾಡಿಗಳ ಅಳತೆಯ ಸಮಸ್ಯೆಗಳನ್ನು ಜನರಿಗೆ ಕೊಟ್ಟು, ಒಂದು ಉದ್ದನೆಯ ವಿಧಾನಕ್ಕೆ ಒಗ್ಗಿಕೊಂಡವರಿಗೆ ಕಣ್ಣೆದುರಿನ ಸುಲಭ ವಿಧಾನ ಕಾಣದೆ ಹೋಗುವುದನ್ನು ತೋರಿಸಿದರು. ಮನಸ್ಸು ಹೀಗೆ ಹಿಡಿದ ಜಾಡನ್ನು ಬಿಡದಿರುವುದಕ್ಕೆ ಐನ್‌ಸ್ಟೆಲುಂಗ್ ಪರಿಣಾಮವೆಂದು ಹೆಸರು. ಮೆರಿಮ್ ಬಿಲಾಲಿಚ್, ಪೀಟರ್ ಮೆಕ್‌ಲಿಯಡ್ ಮತ್ತು ಫರ್ನಾಂಡ್ ಗೋಬೆ 2008ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಚದುರಂಗಕ್ಕೆ ಅನ್ವಯಿಸಿತು. ಅವರು ಪಳಗಿದ ಆಟಗಾರರ ಮುಂದಿಟ್ಟ ಸ್ಥಿತಿಯಲ್ಲಿ ರಾಜನನ್ನು ಕಟ್ಟಲು ಎರಡು ದಾರಿಗಳಿದ್ದವು: ಒಂದು ಎಲ್ಲರಿಗೂ ಗೊತ್ತಿರುವ, ತುಸು ಉದ್ದನೆಯ ದಾರಿ, ಇನ್ನೊಂದು ಅಪರಿಚಿತವಾದ, ಆದರೆ ಚಿಕ್ಕ ದಾರಿ. ಪರಿಚಿತ ದಾರಿಯನ್ನು ಕಂಡವರಲ್ಲಿ ಹಲವರು ತಾವು ಇನ್ನೂ ಉತ್ತಮವಾದುದನ್ನು ಹುಡುಕುತ್ತಿದ್ದೇವೆಂದು ಪ್ರಾಮಾಣಿಕವಾಗಿಯೇ ಹೇಳಿದರು. ಆದರೆ ಅವರ ಕಣ್ಣುಗಳ ಚಲನೆಯನ್ನು ದಾಖಲಿಸಿದ ಉಪಕರಣ, ದೃಷ್ಟಿ ಮತ್ತೆಮತ್ತೆ ಆ ಹಳೆಯ ದಾರಿಗೆ ಸಂಬಂಧಿಸಿದ ಮನೆಗಳಿಗೇ ಮರಳುತ್ತಿದ್ದುದನ್ನು ತೋರಿಸಿತು. ಪರಿಚಿತ ದಾರಿ ಇಲ್ಲದಂತೆ ಸ್ಥಿತಿಯನ್ನು ಬದಲಿಸಿದಾಗ ಅಂಥದೇ ಆಟಗಾರರು ಚಿಕ್ಕ ದಾರಿಯನ್ನು ಕಂಡುಕೊಂಡರು.

ಈ ಪ್ರಯೋಗದ ತೂಕವನ್ನು ಸರಿಯಾಗಿ ಗ್ರಹಿಸಬೇಕು. ತಪ್ಪಿದ ಅವಕಾಶಕ್ಕೆ ಇಲ್ಲಿ ಕಾರಣವಾದದ್ದು ಅಜ್ಞಾನವಲ್ಲ, ಸೋಮಾರಿತನವೂ ಅಲ್ಲ. ಮೊದಲು ಹೊಳೆದ ಒಳ್ಳೆಯ ಯೋಚನೆಯೇ ಮುಂದಿನ ಉತ್ತಮ ಯೋಚನೆಗೆ ಅಡ್ಡ ನಿಂತಿತು. ಆದ್ದರಿಂದ ‘ಇನ್ನೂ ಯೋಚಿಸು’ ಎಂಬ ಬರಿಯ ಉಪದೇಶದಿಂದ ಆಟಗಾರನಿಗೆ ಏನೂ ಸಿಗದು. ಹೊಳೆದ ನಡೆಯನ್ನು ಸ್ವಲ್ಪ ಹೊತ್ತು ನಿಷಿದ್ಧವೆಂದೇ ಭಾವಿಸಿ, ಅದು ಇಲ್ಲದಿದ್ದರೆ ಬೇರೆ ಏನು ಆಡಬಹುದಿತ್ತು ಎಂದು ಹಲಗೆಯ ಇನ್ನೊಂದು ಬದಿಯಿಂದ ಹುಡುಕಾಟವನ್ನು ಆರಂಭಿಸುವ ಖಚಿತವಾದ ಕ್ರಮವೇ ಬೇಕು. ಡಚ್ ಮನೋವಿಜ್ಞಾನಿ ಆಡ್ರಿಯಾನ್ ಡಿ ಗ್ರೋಟ್ 1946ರ ತಮ್ಮ ಪ್ರಬಂಧದಲ್ಲಿ, ಮಹಾನ್ ಆಟಗಾರರು ಸಾಧಾರಣ ಪ್ರಬಲರಿಗಿಂತ ಹೆಚ್ಚು ದೂರದವರೆಗೆ ನಡೆಗಳನ್ನು ಎಣಿಸುವುದೇನೂ ಇಲ್ಲ, ಅವರು ಪರಿಶೀಲನೆಗೆ ಆರಿಸಿಕೊಳ್ಳುವ ನಡೆಗಳೇ ಹೆಚ್ಚು ಯೋಗ್ಯವಾಗಿರುತ್ತವೆ ಎಂದು ಕಂಡುಕೊಂಡಿದ್ದರು. ಆಯ್ಕೆಯ ಪಟ್ಟಿಯನ್ನು ಹಿಗ್ಗಿಸಿಕೊಂಡು ಆಮೇಲೆ ತೂಗುವುದು ಆಳವಾಗಿ ಎಣಿಸುವುದಕ್ಕಿಂತ ಮೊದಲು ಬರಬೇಕಾದ ಅಭ್ಯಾಸವೆಂಬ ಮಾತಿಗೆ ಇದು ಬೆಂಬಲ ಕೊಡುತ್ತದೆ.

ಕಂಪ್ಯೂಟರ್ ಆಟಗಳಲ್ಲಿ ಸರದಿಯೊಂದರೊಳಗೆ ಒಂದೇ ಕಾಯಿಯನ್ನಲ್ಲ, ಇಡೀ ಪಡೆಯನ್ನು ನಡೆಸಬಹುದಾದ್ದರಿಂದ ಕಳೆದುಹೋಗುವ ಅವಕಾಶಗಳೂ ಅಷ್ಟೇ ಪಾಲು ಹೆಚ್ಚುತ್ತವೆ. ವೆಸ್ನಾತ್ ಆಟದ ನಕ್ಷೆ ಆರು ಮೂಲೆಯ ಮನೆಗಳಿಂದಾದುದು. ಅದರ ಒಂದು ದಿನ ಆರು ಸರದಿಗಳಲ್ಲಿ, ಮುಂಜಾವಿನಿಂದ ರಾತ್ರಿಯ ಎರಡನೆಯ ಜಾವದವರೆಗೆ, ಉರುಳುತ್ತದೆ. ಕೆಲವು ಯೋಧರ ಹೊಡೆತ ಹಗಲಿನಲ್ಲಿ ಕಾಲುಭಾಗ ಹೆಚ್ಚಿ ರಾತ್ರಿಯಲ್ಲಿ ಅಷ್ಟೇ ತಗ್ಗುತ್ತದೆ, ಇನ್ನು ಕೆಲವರದು ಇದಕ್ಕೆ ವಿರುದ್ಧ. ಹಗಲಿನ ಪಡೆಯನ್ನು ಮುಸ್ಸಂಜೆಯಲ್ಲಿ ಮುನ್ನುಗ್ಗಿಸುವವನು ಎರಡು ಸರದಿ ಹಿಂದೆ ಸರಿದು ಕಾಯುವ ಅವಕಾಶವನ್ನು ನೋಡಿಯೇ ಇರುವುದಿಲ್ಲ. ಹಳ್ಳಿಯ ಮನೆಯಲ್ಲಿ ನಿಂತ ಗಾಯಾಳು ಸರದಿಗೆ 8 ಅಂಶ ಚೇತರಿಸಿಕೊಳ್ಳುತ್ತಾನೆ, ಆದರೆ ಹಿಂತೆಗೆತವನ್ನು ಅವಮಾನವೆಂದು ಬಗೆಯುವ ಆಟಗಾರ ಅನುಭವಿ ಯೋಧನನ್ನು ಸಾಯಲು ಬಿಟ್ಟು ಹೊಸಬನನ್ನು ಕೊಳ್ಳುತ್ತಾನೆ. ಶತ್ರುವಿಗೆ ಕೊನೆಯ ಪೆಟ್ಟು ಕೊಟ್ಟವನಿಗೆ ಹೆಚ್ಚಿನ ಅನುಭವ ದೊರೆಯುವ ನಿಯಮವಿರುವುದರಿಂದ ಯಾರು ಮೊದಲು ಹೊಡೆಯಬೇಕು, ಯಾರು ಕೊನೆಗೆ ಎಂಬ ಅನುಕ್ರಮವೂ ಒಂದು ತೀರ್ಮಾನವೇ. ಹೆಚ್ಚಿನವರು ಅದನ್ನು ತೀರ್ಮಾನವೆಂದೇ ಎಣಿಸುವುದಿಲ್ಲ. ‘ಸಿವಿಲೈಸೇಷನ್’ನಲ್ಲಿ ಖಜಾನೆ ತುಂಬಿಸಿಟ್ಟುಕೊಂಡು ಖರ್ಚು ಮಾಡದೆ ಸೋಲುವುದು, ನಗರವೊಂದು ಹಿಂದೆಂದೋ ಹೇಳಿದ ಕೆಲಸವನ್ನೇ ಮುಂದುವರಿಸುತ್ತಿರುವುದನ್ನು ಮರೆಯುವುದು, ಸರದಿ ಮುಗಿಸುವ ಗುಂಡಿಯನ್ನು ರೂಢಿಯ ಬಲದಿಂದಲೇ ಒತ್ತುತ್ತ ಹೋಗುವುದು ಇವೂ ಇದೇ ಜಾತಿಯ ನಷ್ಟಗಳು. ಗುಂಡಿ ಒತ್ತುವ ಮುನ್ನ ನಕ್ಷೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡುವ ಕೆಲಸಕ್ಕೆ ಅರ್ಧ ನಿಮಿಷ ಸಾಕು.

ಕಾಯುವುದಕ್ಕೂ ಸರದಿಯನ್ನು ವ್ಯರ್ಥಗೊಳಿಸುವುದಕ್ಕೂ ಇರುವ ವ್ಯತ್ಯಾಸವನ್ನು ಕಾರವಾರದ ಸಮುದ್ರವೇ ಇತಿಹಾಸದಲ್ಲಿ ತೋರಿಸಿಕೊಟ್ಟಿದೆ. ಬಿಣಗಾ ಕರಾವಳಿಯ ಎದುರಿಗಿರುವ, ಈಗ ಕದಂಬ ನೌಕಾನೆಲೆಯ ಅಲೆತಡೆಯ ಮೂಲಕ ನೆಲಕ್ಕೆ ಕೂಡಿಕೊಂಡಿರುವ ಅಂಜದೀವ ದ್ವೀಪದಲ್ಲಿ ಪೋರ್ಚುಗೀಸರು 1505ರಲ್ಲಿ ಕೋಟೆ ಕಟ್ಟಿ ಮರುವರ್ಷವೇ ಕೆಡವಿ ಹೋದರು. 1662ರಲ್ಲಿ ಮುಂಬಯಿಯನ್ನು ವಶಕ್ಕೆ ಪಡೆಯಲು ಬಂದ ಇಂಗ್ಲಿಷ್ ಪಡೆಗೆ ಪೋರ್ಚುಗೀಸ್ ಅಧಿಕಾರಿಗಳು ಅದನ್ನು ಬಿಟ್ಟುಕೊಡದೆ ಹೋದಾಗ, ಸರ್ ಅಬ್ರಹಾಂ ಶಿಪ್‌ಮನ್ ತನ್ನ ಸೈನಿಕರನ್ನು ಇದೇ ದ್ವೀಪದಲ್ಲಿ ಇಳಿಸಿ ತಂಗಿದನು. ಮಳೆಗಾಲಗಳು ಕಳೆದವು, ರೋಗದಿಂದ ಪಡೆಯ ಬಹುಪಾಲು ನಾಶವಾಯಿತು, 1664ರಲ್ಲಿ ಶಿಪ್‌ಮನ್ ಕೂಡ ಅಲ್ಲಿಯೇ ತೀರಿಕೊಂಡನು. ಉಳಿದವರು ಹಂಫ್ರಿ ಕುಕ್‌ನ ನೇತೃತ್ವದಲ್ಲಿ ಮುಂಬಯಿಯನ್ನು ಪಡೆದದ್ದು 1665ರ ಫೆಬ್ರವರಿಯಲ್ಲಿ. ಹಲಗೆಯ ಭಾಷೆಯಲ್ಲಿ ಹೇಳುವುದಾದರೆ, ಏನೂ ಮಾಡದ ಸರದಿಗೂ ಅಲ್ಲಿ ಬೆಲೆ ಇತ್ತು, ಮತ್ತು ಆ ಬೆಲೆಯನ್ನು ಸೈನಿಕರು ತಮ್ಮ ಜೀವದಿಂದ ತೆತ್ತರು.

ಅದೇ ತಿಂಗಳು ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೇ ತೀರದಲ್ಲಿ ದೊರೆಯುತ್ತದೆ. ಬಸರೂರಿನ ಮೇಲೆ ಸಮುದ್ರ ಮಾರ್ಗವಾಗಿ ದಾಳಿ ಮಾಡಿದ ಶಿವಾಜಿ ಗೋಕರ್ಣ, ಅಂಕೋಲೆಗಳ ಮೂಲಕ ಕಾರವಾರದತ್ತ ಬಂದಾಗ, ಬಿಜಾಪುರದ ಸರದಾರ ಶೇರ್ ಖಾನ್ ತನ್ನ ಪಡೆಯೊಂದಿಗೆ ಹಿಂದಿನ ರಾತ್ರಿಯಷ್ಟೇ ಅಲ್ಲಿಗೆ ಬಂದು ಸೇರಿದ್ದನು. ಊರನ್ನು ಸೂರೆಗೊಳ್ಳುವ ಲೆಕ್ಕ ಹೀಗೆ ಒಂದು ರಾತ್ರಿಯಲ್ಲಿ ಬದಲಾಯಿತು. ಶಿವಾಜಿ ಹಳೆಯ ಲೆಕ್ಕಕ್ಕೇ ಅಂಟಿಕೊಂಡು ಯುದ್ಧಕ್ಕೆ ಇಳಿಯದೆ, ವರ್ತಕರಿಂದ ಕಾಣಿಕೆ ಪಡೆದು ಮುಂದೆ ಸಾಗಿದನು; ಇಲ್ಲಿ ಕೋಠಿ ಇಟ್ಟುಕೊಂಡಿದ್ದ ಇಂಗ್ಲಿಷರ ಪಾಲು 112 ಪೌಂಡುಗಳಾಗಿತ್ತು. ಎದುರಾಳಿಯ ಕೊನೆಯ ನಡೆಯಿಂದ ಹಲಗೆಯ ಮೇಲೆ ಏನು ಬದಲಾಯಿತು ಎಂಬ ಪ್ರಶ್ನೆಯನ್ನು ತನ್ನ ನಡೆಗೆ ಮುನ್ನ ಕೇಳಿಕೊಳ್ಳುವ ಅಭ್ಯಾಸದ ಫಲ ಇದು. ಚದುರಂಗದ ಮಣೆಯ ಮುಂದೆ ಕುಳಿತ ವಿದ್ಯಾರ್ಥಿ ಮೂರು ನಡೆಗಳ ಹಿಂದೆ ಕಟ್ಟಿಕೊಂಡ ಯೋಜನೆಯನ್ನು, ಎದುರಿನ ಕುದುರೆ ಆಗಲೇ ದಾರಿಗೆ ಅಡ್ಡ ಬಂದಿದ್ದರೂ, ಮುಂದುವರಿಸುವಾಗ ಕಾಣೆಯಾಗುವುದೂ ಇದೇ.

ಕೊನೆಯದಾಗಿ ದಾಖಲೆಯ ವಿಚಾರ. ಕನ್ನಡನಾಡಿನಲ್ಲಿ ಆಟಗಳನ್ನು ಬರೆದಿಡುವ ಪರಂಪರೆ ದೊಡ್ಡದು: ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚದುರಂಗದ ವಿವರಣೆ ಇದೆ, ಮುಮ್ಮಡಿ ಕೃಷ್ಣರಾಜ ಒಡೆಯರು ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಹಲಗೆಯ ಆಟಗಳಿಗೆ ಸ್ಥಾನ ಕೊಟ್ಟದ್ದಲ್ಲದೆ, ಕುದುರೆಯು ಚದುರಂಗದ 64 ಮನೆಗಳನ್ನೂ ಒಂದೊಂದೇ ಬಾರಿ ಮುಟ್ಟಿ ಬರುವ ನಡಿಗೆಯ ಸಮಸ್ಯೆಗೆ ಪರಿಹಾರಗಳನ್ನೂ ರಚಿಸಿದರು. ಆದರೆ ಅಂಥ ಗ್ರಂಥಗಳು ಕಾಪಾಡಿದ್ದು ಆಟದ ನಿಯಮಗಳನ್ನು ಮತ್ತು ಸಮಸ್ಯೆಗಳನ್ನು. ಜಗಲಿಗಳಲ್ಲಿ ಸಾಮಾನ್ಯರು ಆಡಿದ ಆಟಗಳು ನಡೆನಡೆಯಾಗಿ ಉಳಿಯಲಿಲ್ಲ. ಚದುರಂಗದ ಸ್ಪರ್ಧೆಗಳಲ್ಲಿ ಪ್ರತಿ ನಡೆಯನ್ನೂ ಆಟಗಾರರೇ ಬರೆಯಬೇಕೆಂಬ ನಿಯಮ ಇರುವುದರಿಂದಲೇ ಸೋತವನು ಮರುದಿನ ತನ್ನ ಸೋಲು ಯಾವ ನಡೆಯಲ್ಲಿ ಹುಟ್ಟಿತೆಂದು ಹುಡುಕಬಲ್ಲ. ಕಂಪ್ಯೂಟರ್ ಆಟಗಳಂತೂ ಸರದಿಸರದಿಯನ್ನು ತಾವೇ ಉಳಿಸಿಡುತ್ತವೆ, ತೆರೆದು ನೋಡುವವರಿಲ್ಲ ಅಷ್ಟೆ. ಹುಲಿ-ಕುರಿಗೆ ಈ ಅನುಕೂಲವನ್ನು ಒದಗಿಸುವುದು ಕಷ್ಟವೇನಲ್ಲ. ತುದಿಯ ಬಿಂದುವಿಗೆ 1, ಮೊದಲ ಸಾಲಿಗೆ ಎಡದಿಂದ 2ರಿಂದ 7, ಎರಡನೆಯದಕ್ಕೆ 8ರಿಂದ 13, ಮೂರನೆಯದಕ್ಕೆ 14ರಿಂದ 19, ತಳಕ್ಕೆ 20ರಿಂದ 23 ಎಂದು ಅಂಕೆ ಕೊಟ್ಟರೆ ಇಡೀ ಆಟವನ್ನು ಶಾಲೆಯ ನೋಟುಪುಸ್ತಕದ ಅರ್ಧ ಪುಟದಲ್ಲಿ ಬರೆಯಬಹುದು. ಮೇಲೆ ಹೇಳಿದ ಆರು ಸುರಕ್ಷಿತ ಬಿಂದುಗಳು ಆಗ 2, 7, 14, 19, 20 ಮತ್ತು 23 ಆಗುತ್ತವೆ. ಅಂಕೋಲೆಯ ಒಂದು ಶಾಲೆಯಲ್ಲಿ ಒಂದು ಮಳೆಗಾಲದ ಆಟಗಳನ್ನು ಹೀಗೆ ಬರೆದಿಟ್ಟರೂ ಸಾಕು, ಮುಂದಿನ ಮಳೆಗಾಲದಲ್ಲಿ ಕುರಿಗಳನ್ನು ಹಿಡಿದು ಕೂರುವ ಮಕ್ಕಳು ಮೊದಲ ಕುರಿಯನ್ನು ಎಲ್ಲಿಡಬೇಕೆಂದು ಊಹಿಸುವ ಬದಲು, ಹಿಂದೆ ಆಡಿದವರು ಎಲ್ಲಿಟ್ಟರು, ಅದರಿಂದ ಏನಾಯಿತು ಎಂಬುದನ್ನು ಪುಟ ತಿರುಗಿಸಿ ನೋಡಬಲ್ಲರು.